ಮಿಶ್ರ ಕಲಿಕೆ: ಮೇಷ್ಟ್ರ ಹೊತ್ತಿಗೆ ಲೆಕ್ಕ ಯಾರದು?

ಪದವಿ ಕಾಲೇಜಿನ ಸ್ಟಾಫ್‌ರೂಮಿಗೆ ‘ಬ್ಲೆಂಡೆಡ್ ಲರ್ನಿಂಗ್’ ಕುರಿತು ಸುತ್ತೋಲೆ ಬಂದಾಗೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ‘ಇದು ವರ್ಕ್‌ಲೋಡ್‌ಗೆ ಸೇರುತ್ತಾ ಸರ್?’ ಹೊರಗಿನವರ ಕಿವಿಗೆ ಇದು ಕೆಲಸ ತಪ್ಪಿಸಿಕೊಳ್ಳುವವರ ಮಾತಿನಂತೆ ಕೇಳುತ್ತದೆ. ಮೇಷ್ಟ್ರಿಗೆ ಹೊಸದೇನೂ ಬೇಡ, ಹಳದಿ ಬಿದ್ದ ನೋಟ್ಸೇ ಸಾಕು ಎಂದು ಮೂಗು ಮುರಿಯುವವರಿಗೇನೂ ಕೊರತೆಯಿಲ್ಲ. ನನಗೆ ಮಾತ್ರ ಈ ವಿಷಯದಲ್ಲಿ ಅದಕ್ಕಿಂತ ನೇರವಾದ, ನ್ಯಾಯವಾದ ಪ್ರಶ್ನೆ ಇನ್ನೊಂದಿಲ್ಲ ಅನಿಸುತ್ತದೆ. ತರಗತಿಯ ಪಾಠವನ್ನೂ ಆನ್‌ಲೈನ್ ಪಾಠವನ್ನೂ ಬೆಸೆಯುವ ಕೆಲಸಕ್ಕೆ ಸಾಫ್ಟ್‌ವೇರ್ ಸಿಗುತ್ತದೆ, ಟ್ಯಾಬ್ ಸಿಗುತ್ತದೆ, ಸ್ಮಾರ್ಟ್‌ಬೋರ್ಡ್ ಸಿಗುತ್ತದೆ. ಸಿಗದಿರುವುದು ಅಧ್ಯಾಪಕರ ಹೊತ್ತು. ಅವರ ಧೋರಣೆ ಏಕೆ ಹೀಗಿದೆ, ರೂಢಿ ಏಕೆ ಹಾಗಿದೆ ಎಂದು ಕೆದಕುತ್ತ ಹೋದರೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ.

ನಲವತ್ತು–ಅರವತ್ತರ ಸೂತ್ರ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ ಊರೂರನ್ನು ಹಣಿಯುತ್ತಿತ್ತು. ಆಗ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಮಿಶ್ರ ಕಲಿಕೆಯ ಕುರಿತು ಒಂದು ಕರಡು ಟಿಪ್ಪಣಿ ಹೊರಡಿಸಿತು. ಯಾವುದೇ ಕೋರ್ಸಿನ ಶೇ 40ರಷ್ಟು ಭಾಗವನ್ನು ಆನ್‌ಲೈನ್‌ನಲ್ಲೂ ಉಳಿದ ಶೇ 60ನ್ನು ತರಗತಿಯಲ್ಲೂ ಕಲಿಸಬಹುದು ಎಂಬುದು ಅದರ ತಿರುಳು. ಅದೇ ವರ್ಷ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ ‘ಸ್ವಯಂ’ನ ಕೋರ್ಸುಗಳಿಂದ ಪಡೆಯಬಹುದಾದ ಕ್ರೆಡಿಟ್‌ಗಳ ಮಿತಿಯೂ ಶೇ 20ರಿಂದ 40ಕ್ಕೆ ಏರಿತು.

ಅಖಿಲ ಭಾರತ ಮಟ್ಟದ ಅಧ್ಯಾಪಕರ ಒಕ್ಕೂಟವೂ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಸಂಘವೂ ಕೂಡಲೇ ವಿರೋಧಿಸಿದವು. ಇಂಟರ್ನೆಟ್ ಇಲ್ಲದ ಮನೆಯ ಮಕ್ಕಳ ಗತಿ ಏನು, ನಾಳೆ ಹುದ್ದೆಗಳೇ ಕಡಿಮೆಯಾದರೆ ಹೊಣೆ ಯಾರು ಎಂಬ ಪ್ರಶ್ನೆಗಳು ಎದ್ದವು. ‘ತಂತ್ರಜ್ಞಾನ ವಿರೋಧಿಗಳು’ ಎಂಬ ಹಣೆಪಟ್ಟಿ ಅಧ್ಯಾಪಕರಿಗೆ ಅಂಟಿಕೊಂಡದ್ದು ಹೀಗೆ. ಆದರೆ ಆ ವರ್ಷದ ಕರ್ನಾಟಕವನ್ನು ನೆನಪಿಸಿಕೊಳ್ಳಿ. ಜೂನ್ ತಿಂಗಳ ಜಡಿಮಳೆಯಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು, ಅಪ್ಪ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದರು. ಆ ಫೋಟೊ ದೇಶವೆಲ್ಲ ಓಡಾಡಿತು. ಮಲೆನಾಡಿನ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಅಭಿಯಾನವೇ ನಡೆಯಿತು. ಅಂಥ ಮಕ್ಕಳ ಹಾಜರಿ ಕರೆಯುತ್ತಿದ್ದವರು ಅನುಮಾನಪಟ್ಟರೆ ಅದರಲ್ಲಿ ಹಠವೇನಿದೆ? ಅದು ಅನುಭವದ ಮಾತು.

ಇನ್ನೊಂದು ಗೊಂದಲವೂ ಆಗಲೇ ಬೇರೂರಿತು. ಲಾಕ್‌ಡೌನ್‌ನಲ್ಲಿ ನಡೆದದ್ದು ಆಪತ್ಕಾಲದ ಪಾಠ. ಗಂಟೆಗಟ್ಟಲೆ ಜೂಮ್‌ನಲ್ಲಿ ಒಬ್ಬರೇ ಮಾತಾಡುವುದು, ಕ್ಯಾಮೆರಾ ಆಫ್ ಮಾಡಿದ ಐವತ್ತು ಕಪ್ಪು ಚೌಕಗಳನ್ನು ನೋಡುತ್ತ ‘ಕೇಳಿಸ್ತಿದೆಯಾ?’ ಎಂದು ಕೂಗುವುದು. ಅದನ್ನೇ ಮಿಶ್ರ ಕಲಿಕೆ ಎಂದು ನಂಬಿದವರು ಈಗಲೂ ಆ ಹೆಸರು ಕೇಳಿದರೆ ಕೈ ಮುಗಿಯುತ್ತಾರೆ. ಹುಡುಗರು ಒಬ್ಬರೇ ಮಾಡಿಕೊಳ್ಳಬಹುದಾದ್ದನ್ನು ಮನೆಗೆ ಕೊಟ್ಟು, ಎದುರುಬದುರು ಕೂತಾಗ ಮಾತ್ರ ಆಗುವಂಥದ್ದನ್ನು ತರಗತಿಗೆ ಉಳಿಸಿಕೊಳ್ಳುವುದು ಮಿಶ್ರ ಕಲಿಕೆ. ಯಾವುದನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವವರು ಅಧ್ಯಾಪಕರು. ಇಡೀ ವಿದ್ಯೆ ಇರುವುದು ಆ ತೀರ್ಮಾನದಲ್ಲಿ.

ಬಂದು ಹೋದ ಯಂತ್ರಗಳು

ದೂರದಿಂದ ಕಲಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಶುರುಮಾಡಿದ್ದು 1969ರಲ್ಲಿ. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 1984ರಲ್ಲಿ ಯುಜಿಸಿ ದೂರದರ್ಶನದಲ್ಲಿ ಕಾಲೇಜು ಪಾಠಗಳನ್ನು ಬಿತ್ತರಿಸತೊಡಗಿತು. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟೆಲ್ ಎಂಬ ವಿಡಿಯೊ ಪಾಠಗಳ ಯೋಜನೆ ಆರಂಭಿಸಿದವು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದಾಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳು ಅದರ ಮೊದಲ ಬಳಕೆದಾರರಲ್ಲಿ ಸೇರಿದ್ದವು. 2017ರ ಜುಲೈನಲ್ಲಿ ‘ಸ್ವಯಂ’ ಬಂತು.

2021ರ ಆರಂಭದಲ್ಲಿ ರಾಜ್ಯ ಸರ್ಕಾರ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್ ಮತ್ತು 14 ಎಂಜಿನಿಯರಿಂಗ್ ಕಾಲೇಜುಗಳಿಗೆಂದು ಕಲಿಕಾ ನಿರ್ವಹಣಾ ವ್ಯವಸ್ಥೆ (ಎಲ್‌ಎಂಎಸ್) ತಂದಿತು. ಅದೇ ವರ್ಷ ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆಯೂ ಬಂತು. ಉದ್ದೇಶ ಒಳ್ಳೆಯದೇ. ಯಂತ್ರಕ್ಕೆ ಟೆಂಡರ್ ಕರೆಯುವುದು ಸುಲಭ. ಯಂತ್ರದ ಸುತ್ತ ಪಾಠ ಕಟ್ಟುವ ಬಿಡುವನ್ನು ಯಾವ ಟೆಂಡರ್‌ನಲ್ಲೂ ತರಲಾಗದು.

ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರಲ್ಲಿ ಬರೆದ ‘ಟೀಚರ್ಸ್ ಆ್ಯಂಡ್ ಮಷೀನ್ಸ್’ ಎಂಬ ಪುಸ್ತಕ ಇದನ್ನೇ ಪರಿಶೀಲಿಸಿತ್ತು. ಸಿನಿಮಾ, ರೇಡಿಯೊ, ಟಿವಿ ಒಂದರ ಹಿಂದೊಂದು ಶಾಲೆಗಳಿಗೆ ಬಂದವು. ಪ್ರತಿ ಸಲವೂ ಇನ್ನು ಶಿಕ್ಷಣವೇ ಬದಲಾಗುತ್ತದೆ ಎಂಬ ಸಂಭ್ರಮ. ಪ್ರತಿ ಸಲವೂ ಶಿಕ್ಷಕರು ಅದರಲ್ಲಿ ಕೊಂಚವನ್ನಷ್ಟೇ ಬಳಸಿ ಉಳಿದದ್ದನ್ನು ಬದಿಗಿಟ್ಟರು. ದೊಡ್ಡ ತರಗತಿ, ಮುಗಿಸಲೇಬೇಕಾದ ಪಠ್ಯ, ತಲೆಯ ಮೇಲೆ ತೂಗುವ ಪರೀಕ್ಷೆ, ಇವುಗಳ ನಡುವೆ ಆ ಯಂತ್ರ ಹೊಂದುತ್ತದೆಯೇ ಎಂದು ನೋಡಿ ಅವರು ಬೇಕಾದ್ದನ್ನಷ್ಟೇ ಆರಿಸಿಕೊಂಡರು ಎನ್ನುತ್ತಾರೆ ಕ್ಯೂಬನ್. ನಮ್ಮ ಮೇಷ್ಟ್ರುಗಳೂ ಈಗ ಮಾಡುತ್ತಿರುವುದು ಅದನ್ನೇ.

ವಾಟ್ಸ್‌ಆ್ಯಪ್ ಎಂಬ ವಿಶ್ವವಿದ್ಯಾಲಯ

ರೂಢಿಯಲ್ಲಿರುವ ಮಿಶ್ರ ಕಲಿಕೆ ಹೇಗಿದೆ ಎಂದು ತಿಳಿಯಲು ಯಾವುದಾದರೂ ತರಗತಿಯ ವಾಟ್ಸ್‌ಆ್ಯಪ್ ಗ್ರೂಪ್ ತೆರೆದು ನೋಡಬೇಕು. ನೋಟ್ಸಿನ ಪಿಡಿಎಫ್, ಕಳೆದ ವರ್ಷದ ಪ್ರಶ್ನೆಪತ್ರಿಕೆ, ಒಂದು ಯೂಟ್ಯೂಬ್ ಲಿಂಕ್, ಇಂಟರ್ನಲ್ಸ್ ದಿನಾಂಕ, ಶುಲ್ಕ ಕಟ್ಟಲು ಕೊನೆಯ ದಿನ, ನಡುವೆ ಸಾಲುಸಾಲು ‘ಗುಡ್ ಮಾರ್ನಿಂಗ್ ಸರ್’. ಅಧಿಕೃತ ಎಲ್‌ಎಂಎಸ್‌ಗೆ ಪಾಸ್‌ವರ್ಡ್ ನೆನಪಿಡಬೇಕು. ವಾಟ್ಸ್‌ಆ್ಯಪ್ ಹೇಗೂ ಎಲ್ಲರ ಫೋನಿನಲ್ಲಿದೆ, ಕಡಿಮೆ ಡೇಟಾದಲ್ಲೂ ನಡೆಯುತ್ತದೆ. 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕರು ಜನ ತಂತ್ರಜ್ಞಾನವನ್ನು ಒಪ್ಪಿಕೊಳ್ಳುವ ಬಗೆಯನ್ನು ವಿವರಿಸುತ್ತ ಎರಡು ಮಾತು ಮುಂದಿಟ್ಟಿದ್ದರು: ಇದರಿಂದ ನನಗೆ ಉಪಯೋಗವಿದೆ ಅನಿಸಬೇಕು, ಬಳಸಲು ಸುಲಭ ಅನಿಸಬೇಕು. ವಾಟ್ಸ್‌ಆ್ಯಪ್ ಗೆದ್ದದ್ದು ಈ ಎರಡರಲ್ಲೂ.

ಕಷ್ಟವೆಂದರೆ ಬಹಳಷ್ಟು ಕಡೆ ಬೆರಕೆ ಇಲ್ಲಿಗೇ ನಿಂತುಬಿಡುತ್ತದೆ. ಕಳುಹಿಸಿದ ವಿಡಿಯೊಗೂ ಮರುದಿನದ ಪಾಠಕ್ಕೂ ಸಂಬಂಧವಿರುವುದಿಲ್ಲ. ಮೇಷ್ಟ್ರು ತರಗತಿಯಲ್ಲಿ ಅದೇ ವಿಷಯವನ್ನು ಮೊದಲಿನಿಂದ ಹೇಳುತ್ತಾರೆ. ಹಾಗಾದರೆ ವಿಡಿಯೊ ಏಕೆ ನೋಡಬೇಕೆಂದು ಹುಡುಗರು ಬಿಟ್ಟುಬಿಡುತ್ತಾರೆ. ಅವರು ನೋಡಿ ಬರುವುದಿಲ್ಲವೆಂದು ಮೇಷ್ಟ್ರು ಮತ್ತೆ ಮೊದಲಿನಿಂದ ಹೇಳುತ್ತಾರೆ. ಇಬ್ಬರದೂ ತಪ್ಪಲ್ಲ, ಆದರೆ ಇಬ್ಬರ ಹೊತ್ತೂ ಹಾಳು.

ಇದಕ್ಕೆ ಮೌಲ್ಯಾಂಕನದ ಒತ್ತಡವೂ ಸೇರಿಕೊಂಡಿದೆ. ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಅಧ್ಯಾಪಕರು ಮಾಹಿತಿ ತಂತ್ರಜ್ಞಾನದ ಸಾಧನಗಳನ್ನು ಬಳಸುತ್ತಾರೆಯೇ ಎಂಬುದು ಅದರ ಮಾನದಂಡಗಳಲ್ಲಿ ಒಂದು. ಕೇಳುವುದು ಸರಿಯೇ. ಆದರೆ ಕಾಲೇಜಿನ ಮಟ್ಟಕ್ಕೆ ಇಳಿಯುವಾಗ ಅದು ಪ್ರೊಜೆಕ್ಟರ್ ಮುಂದೆ ನಿಂತ ಫೋಟೊ, ಲಿಂಕ್‌ಗಳ ಪಟ್ಟಿ, ಫೈಲಿಗೊಂದು ಸಹಿಯಾಗಿ ಮಾರ್ಪಡುತ್ತದೆ. ಫೋಟೊಗಾಗಿ ನಡೆಯುವ ಮಿಶ್ರ ಕಲಿಕೆ ಅಧ್ಯಾಪಕರಿಗೂ ಹಿಡಿಸುವುದಿಲ್ಲ. ಅವರ ನಿರುತ್ಸಾಹದಲ್ಲಿ ಅರ್ಧ ಪಾಲು ಈ ಬೇಸರದ್ದು.

ಒಂದೇ ಕ್ಯಾಂಪಸ್, ಮೂರು ಅನುಭವ

ಅಧ್ಯಾಪಕರ ಧೋರಣೆಯನ್ನು ಅರ್ಥಮಾಡಿಕೊಳ್ಳಲು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಸಾಮಾನ್ಯ ಮನೆಗಳ ಮಕ್ಕಳು ಓದುವ ಸಾರ್ವಜನಿಕ ವಿಶ್ವವಿದ್ಯಾಲಯ ಅದು. 2012ರಲ್ಲಿ ಅಲ್ಲಿನ ಎಂಜಿನಿಯರಿಂಗ್ ವಿಭಾಗ ಎಡ್‌ಎಕ್ಸ್ ವೇದಿಕೆಯ ಸರ್ಕ್ಯೂಟ್ಸ್ ಕೋರ್ಸನ್ನು ತನ್ನ ಪಾಠದೊಂದಿಗೆ ಬೆರೆಸಿತು. ಎಂಐಟಿಯಲ್ಲಿ ಆ ಕೋರ್ಸ್ ರೂಪಿಸಿದ ಪ್ರಮುಖರು ಎಡ್‌ಎಕ್ಸ್ ಸ್ಥಾಪಕರಾದ ಅನಂತ್ ಅಗರ್‌ವಾಲ್. ಅವರು ನಮ್ಮ ಮಂಗಳೂರಿನಲ್ಲಿ ಬೆಳೆದವರು. ವಿದ್ಯಾರ್ಥಿಗಳು ಮನೆಯಲ್ಲಿ ವಿಡಿಯೊ ನೋಡಿ ಬರುತ್ತಿದ್ದರು. ತರಗತಿಯ ಹೊತ್ತೆಲ್ಲ ಪ್ರೊಫೆಸರ್ ಖೊಸ್ರೊ ಘದಿರಿ ಅವರ ಜೊತೆ ಗುಂಪುಗಳಲ್ಲಿ ಲೆಕ್ಕ ಬಿಡಿಸುವುದಕ್ಕೆ ಮೀಸಲು. ಸಾಂಪ್ರದಾಯಿಕ ತರಗತಿಯಲ್ಲಿ ಶೇ 59ರ ಆಸುಪಾಸಿನಲ್ಲಿದ್ದ ತೇರ್ಗಡೆ ಪ್ರಮಾಣ ಇಲ್ಲಿ ಶೇ 91ಕ್ಕೆ ಏರಿತು.

ಮರುವರ್ಷ ಅದೇ ವಿಶ್ವವಿದ್ಯಾಲಯ ಉಡಾಸಿಟಿ ಕಂಪನಿಯ ಜೊತೆ ಸೇರಿ ಪೂರ್ತಿ ಆನ್‌ಲೈನ್ ಕೋರ್ಸುಗಳನ್ನು ನಡೆಸಿತು. ಎದುರುಬದುರು ಪಾಠ ಇರಲಿಲ್ಲ. ಮೊದಲ ಸೆಮಿಸ್ಟರ್‌ನ ಫಲಿತಾಂಶ ಎಷ್ಟು ಕಳಪೆಯಾಗಿತ್ತೆಂದರೆ ಜುಲೈನಲ್ಲಿ ಪ್ರಯೋಗಕ್ಕೆ ತಡೆಬಿತ್ತು.

ಇವೆರಡರ ನಡುವೆ, 2013ರ ಏಪ್ರಿಲ್‌ನಲ್ಲಿ, ಅಲ್ಲಿನ ತತ್ವಶಾಸ್ತ್ರ ವಿಭಾಗದ ಅಧ್ಯಾಪಕರು ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರಿಗೆ ಬಹಿರಂಗ ಪತ್ರ ಬರೆದರು. ನ್ಯಾಯದ ಕುರಿತ ಸ್ಯಾಂಡೆಲ್ ಅವರ ಪ್ರಸಿದ್ಧ ವಿಡಿಯೊ ಪಾಠವನ್ನು ತಮ್ಮ ತರಗತಿಯಲ್ಲಿ ಬಳಸಲು ಅವರು ಒಪ್ಪಲಿಲ್ಲ. ಸಿರಿವಂತ ವಿಶ್ವವಿದ್ಯಾಲಯದ ಮಕ್ಕಳಿಗೆ ಜೀವಂತ ಗುರು, ಬಡ ವಿಶ್ವವಿದ್ಯಾಲಯದ ಮಕ್ಕಳಿಗೆ ಅದೇ ಗುರುವಿನ ವಿಡಿಯೊ. ಹೀಗೆ ಎರಡು ದರ್ಜೆಯ ಶಿಕ್ಷಣ ಹುಟ್ಟೀತು, ವಿಭಾಗಗಳೇ ಮುಚ್ಚಿಹೋದಾವು ಎಂಬುದು ಅವರ ಆತಂಕ. ಹಣದ ಮುಗ್ಗಟ್ಟಿನಲ್ಲಿರುವ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಟ್ಟಿಗೆ ಈ ಕಳವಳ ನ್ಯಾಯವಾದದ್ದೇ ಎಂದು ಸ್ವತಃ ಸ್ಯಾಂಡೆಲ್ ಒಪ್ಪಿಕೊಂಡರು.

ಒಬ್ಬ ಅಧ್ಯಾಪಕ ಮನಸಾರೆ ಒಪ್ಪಿ ಗೆದ್ದದ್ದು, ಎದುರುಬದುರು ಪಾಠವನ್ನೇ ಕೈಬಿಟ್ಟ ಪ್ರಯೋಗ ಸೋತದ್ದು, ಒಂದು ವಿಭಾಗ ತತ್ವಕ್ಕಾಗಿ ನಿರಾಕರಿಸಿದ್ದು, ಮೂರೂ ಒಂದೇ ಕ್ಯಾಂಪಸ್ಸಿನ ಕಥೆ. ಎಲೆಕ್ಟ್ರಾನಿಕ್ಸ್ ಮೇಷ್ಟ್ರಿಗೆ ವರವಾದದ್ದು ತತ್ವಶಾಸ್ತ್ರದ ಮೇಷ್ಟ್ರಿಗೆ ಅಪಾಯವಾಗಿ ಕಂಡಿತು. ಹಾಗಿರುವಾಗ ಎಲ್ಲ ವಿಷಯಕ್ಕೂ ಎಲ್ಲ ಕಾಲೇಜಿಗೂ ಒಂದೇ 40–60 ಅಳತೆ ಹೊಂದುವುದು ಕಷ್ಟ. ಕನ್ನಡ ಐಚ್ಛಿಕದ ಕಾವ್ಯಪಾಠಕ್ಕೂ ಬಿಸಿಎ ಹುಡುಗರ ಪೈಥಾನ್ ಪಾಠಕ್ಕೂ ಬೇಕಾದ ಹದ ಬೇರೆಬೇರೆ.

ಟೊಮೆಟೊ ಬೆಲೆಯ ಪಾಠ

ಒಳ್ಳೆಯ ಬೆಸುಗೆ ಹೇಗಿರುತ್ತದೆ? ಬಿ.ಎ. ಅರ್ಥಶಾಸ್ತ್ರದ ಒಂದು ಪಾಠವನ್ನೇ ತೆಗೆದುಕೊಳ್ಳೋಣ: ಬೇಡಿಕೆಯ ಸ್ಥಿತಿಸ್ಥಾಪಕತ್ವ. ಕೋಲಾರ ಕಡೆಯ ಕಾಲೇಜೊಂದರಲ್ಲಿ ಅಧ್ಯಾಪಕಿ ಹಿಂದಿನ ಸಂಜೆ ಎಂಟೊಂಬತ್ತು ನಿಮಿಷದ ಕನ್ನಡ ವಿಡಿಯೊ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳಿ. ಸೂತ್ರ ಏನು, ಭಾಗಾಕಾರ ಹೇಗೆ ಅನ್ನುವಷ್ಟೇ ಅದರಲ್ಲಿದೆ. ಜೊತೆಗೆ ಗೂಗಲ್ ಫಾರ್ಮ್‌ನಲ್ಲಿ ಮೂರು ಪ್ರಶ್ನೆ. ಎರಡನೆಯದು ಹೀಗೆ: ಟೊಮೆಟೊ ಕೆ.ಜಿ.ಗೆ 20 ರೂಪಾಯಿ ಇದ್ದದ್ದು 100 ಆಯಿತು. ವಾರಕ್ಕೆ ಎರಡು ಕೆ.ಜಿ. ತರುತ್ತಿದ್ದ ಮನೆಯವರು ಒಂದು ಕೆ.ಜಿ.ಗೆ ಇಳಿದರು. ಬೇಡಿಕೆ ಹೆಚ್ಚು ಸ್ಥಿತಿಸ್ಥಾಪಕವೇ, ಕಡಿಮೆಯೇ?

ರಾತ್ರಿ ಉತ್ತರಗಳನ್ನು ನೋಡಿದರೆ ಬಹುತೇಕ ಎಲ್ಲರೂ ‘ಹೆಚ್ಚು’ ಎಂದಿದ್ದಾರೆ. ಖರೀದಿ ಅರ್ಧಕ್ಕೆ ಇಳಿಯಿತಲ್ಲ ಎಂಬುದು ಅವರ ತರ್ಕ. ಈಗ ಅಧ್ಯಾಪಕಿಗೆ ಬೆಳಗಿನ ಪಾಠ ಎಲ್ಲಿಂದ ಆರಂಭಿಸಬೇಕೆಂದು ಗೊತ್ತಾಯಿತು. ಮಕ್ಕಳನ್ನು ಜೋಡಿಜೋಡಿಯಾಗಿ ಕೂರಿಸಿ ಮತ್ತೆ ಅದನ್ನೇ ಕೇಳುತ್ತಾರೆ. ಪಕ್ಕದವರೊಡನೆ ವಾದ ಮಾಡುತ್ತಿದ್ದಂತೆ ಒಬ್ಬಳಿಗೆ ಹೊಳೆಯುತ್ತದೆ: ಖರೀದಿ ಇಳಿದದ್ದು ಶೇ 50, ಆದರೆ ಬೆಲೆ ಏರಿದ್ದು ಶೇ 400. ಐವತ್ತನ್ನು ನಾನೂರರಿಂದ ಭಾಗಿಸಿದರೆ 0.125. ಒಂದಕ್ಕಿಂತ ಎಷ್ಟೋ ಕಡಿಮೆ. ಸಾರಿಗೆ ಟೊಮೆಟೊ ಬೇಕೇ ಬೇಕು, ಬೆಲೆ ಐದುಪಟ್ಟಾದರೂ ಜನ ಪೂರ್ತಿ ಬಿಡುವುದಿಲ್ಲ.

ಅಷ್ಟರಲ್ಲಿ ಮುಳಬಾಗಿಲು ಕಡೆಯ ರೈತರ ಮನೆಯ ಹುಡುಗ ಎದ್ದು ನಿಂತು, ‘ಹಂಗಾದ್ರೆ ರೇಟ್ ಬಂದಾಗ ಎಲ್ಲಾ ರೈತರಿಗೂ ಲಾಭ ಆಗ್ಬೇಕಿತ್ತಲ್ಲ ಮೇಡಂ?’ ಎಂದು ಕೇಳಬಹುದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಳೆ ಕೈಗೆ ಬಂದವರು ಗೆದ್ದರು, ರೋಗಕ್ಕೆ ತೋಟ ಕಳಕೊಂಡವರಿಗೆ ಆ ಬೆಲೆಯಿಂದ ಏನೂ ಸಿಗಲಿಲ್ಲ. ಪಾಠ ಅಲ್ಲಿಂದ ಪೂರೈಕೆಯತ್ತ ಹೊರಳುತ್ತದೆ. ಸೂತ್ರವನ್ನು ವಿಡಿಯೊ ಕಲಿಸಿತು, ಅರ್ಥಶಾಸ್ತ್ರವನ್ನು ತರಗತಿ ಕಲಿಸಿತು.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಇದೇ ಕ್ರಮದಲ್ಲಿ ಪಾಠ ಮಾಡಿದರು: ಮೊದಲೇ ಓದಿ ಬನ್ನಿ, ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಕೊಡಿ, ಪಕ್ಕದವರನ್ನು ಒಪ್ಪಿಸಲು ನೋಡಿ, ಮತ್ತೆ ಉತ್ತರ ಕೊಡಿ. ನೆಟ್‌ವರ್ಕ್ ಇಲ್ಲದ ಕಡೆ ವಿಡಿಯೊ ಬದಲು ಎರಡು ಪುಟದ ಜೆರಾಕ್ಸ್, ಗೂಗಲ್ ಫಾರ್ಮ್ ಬದಲು ಕೈ ಎತ್ತುವುದು ಸಾಕು. ಕನ್ನಡದಲ್ಲೂ ಮಾದರಿಗಳಿವೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಭಾಷಾ ವಿದ್ಯಾರ್ಥಿಗಳು ಪಠ್ಯದ ಭಾಗವಾಗಿಯೇ ವಿಕಿಪೀಡಿಯ ಯೋಜನೆಗಳಿಗೆ ಬರೆದಿದ್ದಾರೆ. ಅಂಥ ಕಡೆ ಮನೆಗೆಲಸ ಅಧ್ಯಾಪಕರ ಮೇಜಿನ ಮೇಲೆ ಧೂಳು ತಿನ್ನದೆ ಓದುಗರ ಕೈ ಸೇರುತ್ತದೆ.

ಬೇಕಾಗುವುದು ಹೊತ್ತು. ಆ ಎಂಟೊಂಬತ್ತು ನಿಮಿಷದ ವಿಡಿಯೊಗೆ ಏನು ಬಿಡಬೇಕೆಂದು ಯೋಚಿಸಬೇಕು, ಬರೆದುಕೊಳ್ಳಬೇಕು, ಪಕ್ಕದ ಮನೆಯ ಮಿಕ್ಸಿ ನಿಲ್ಲುವವರೆಗೆ ಕಾದು ರೆಕಾರ್ಡ್ ಮಾಡಬೇಕು, ಅಪ್‌ಲೋಡ್ ಆಗುವವರೆಗೆ ಕೂರಬೇಕು, ತರಗತಿಯ ಅಷ್ಟೂ ಮಂದಿಯ ಉತ್ತರ ಓದಬೇಕು. ಒಂದು ಸಂಜೆ ಪೂರ್ತಿ ಮುಗಿಯಿತು. ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಪ್ರಕಟಿಸಿದ ದೊಡ್ಡ ಪರಾಮರ್ಶೆಯೂ ಹೊತ್ತಿನ ಮಹತ್ವವನ್ನೇ ಸೂಚಿಸುತ್ತದೆ. ಬೆರೆಸಿದ ಕೋರ್ಸುಗಳಲ್ಲಿ ಕಲಿತವರು ಬರೀ ತರಗತಿಯಲ್ಲಿ ಕಲಿತವರಿಗಿಂತ ಚೆನ್ನಾಗಿ ಮಾಡಿದ್ದರು. ಆದರೆ ಅಂಥ ಕೋರ್ಸುಗಳಲ್ಲಿ ಕಲಿಯುವ ಸಮಯವೂ ಸಾಮಗ್ರಿಯೂ ಹೆಚ್ಚಿದ್ದವು, ಆದ್ದರಿಂದ ಲಾಭವನ್ನು ಮಾಧ್ಯಮದ ಖಾತೆಗೆ ಹಾಕಲಾಗದು ಎಂದು ವರದಿಯೇ ಎಚ್ಚರಿಸಿತು.

ಕಾಗದದ ಮೇಲಿನ 24 ಗಂಟೆ

ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಅಧ್ಯಾಪಕರ ವಾರದ ಕೆಲಸ 40 ಗಂಟೆ. ಸಹಾಯಕ ಪ್ರಾಧ್ಯಾಪಕರು 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ಹಾಗಾದರೆ ಸಹಾಯಕ ಪ್ರಾಧ್ಯಾಪಕರು ಮಿಕ್ಕ 24 ಗಂಟೆಯಲ್ಲಿ ತಯಾರಿ ಮಾಡಿಕೊಳ್ಳಲಿ ಎನ್ನಬಹುದು. ಆ ಹೊತ್ತನ್ನು ವಿಶ್ವವಿದ್ಯಾಲಯ–ಕಾಲೇಜು ಆಡಳಿತದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅಂಕ ತುಂಬುವುದು, ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ, ಎನ್‌ಎಸ್‌ಎಸ್ ಶಿಬಿರ, ನ್ಯಾಕ್ ಫೈಲು, ಪರೀಕ್ಷಾ ಕೆಲಸ, ಚುನಾವಣಾ ಕರ್ತವ್ಯ ಹಂಚಿಕೊಂಡುಬಿಡುತ್ತವೆ.

ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಭಾಗ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ಅವರ ಗೌರವಧನ ಬಹುಮಟ್ಟಿಗೆ ನಿಗದಿಯಾಗುವುದು ತರಗತಿಯ ಗಂಟೆಗಳ ಮೇಲೆ. ಮುಂದಿನ ವರ್ಷ ತಮ್ಮ ಹೆಸರು ಪಟ್ಟಿಯಲ್ಲಿ ಇರುತ್ತದೋ ಇಲ್ಲವೋ ತಿಳಿಯದ ಉಪನ್ಯಾಸಕಿಗೆ ‘ಸೆಮಿಸ್ಟರ್ ಪೂರ್ತಿ ವಿಡಿಯೊ ಮಾಡಿಕೊಡಿ’ ಎನ್ನುವುದು ಸಂಬಳವಿಲ್ಲದ ದುಡಿಮೆ ಕೇಳಿದಂತೆ. ತನ್ನ ದನಿಯ ಪಾಠ ಉಳಿದು, ತಾನು ಮಾತ್ರ ಹೊರಗಾಗುವ ಭಯ ಆಕೆಗಿದ್ದರೆ ಅದು ಸಹಜ.

ಬಡ್ತಿಯ ಲೆಕ್ಕವೂ ಓರೆಯಾಗಿದೆ. ಪೂರ್ಣ ಪ್ರಮಾಣದ ನಾಲ್ಕು ಕ್ರೆಡಿಟ್‌ನ ಆನ್‌ಲೈನ್ ಕೋರ್ಸ್ ಸಿದ್ಧಪಡಿಸಿದರೆ ಅದೇ ನಿಯಮಾವಳಿಯಲ್ಲಿ 20 ಅಂಕವಿದೆ. ಆದರೆ ರಾತ್ರಿ ಉತ್ತರಗಳನ್ನು ಓದಿ ಬೆಳಗಿನ ಪಾಠ ತಿದ್ದಿಕೊಂಡವರ ನಿತ್ಯದ ಶ್ರಮ ಯಾವ ಕಾಲಂನಲ್ಲೂ ಕಾಣುವುದಿಲ್ಲ. ಪಠ್ಯಕ್ರಮ ಪದೇಪದೇ ಬದಲಾಗುವುದೂ ಉತ್ಸಾಹವನ್ನು ಕೊಲ್ಲುತ್ತದೆ. 2021–22ರಲ್ಲಿ ರಾಜ್ಯ ಹೊಸ ಶಿಕ್ಷಣ ನೀತಿಯ ಪಠ್ಯ ಜಾರಿಗೆ ತಂದಿತು. 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆ ಪಠ್ಯವನ್ನೇ ನೆಚ್ಚಿ ಮಾಡಿಟ್ಟ ಪಾಠಗಳ ಗತಿ ಏನು?

ಆಗಬೇಕಾದ್ದು

ಮಿಶ್ರ ಕಲಿಕೆ ಬೇಕೇ ಬೇಡವೇ ಎಂಬ ವಾದ ನನ್ನ ಮಟ್ಟಿಗೆ ಮುಗಿದಿದೆ. ಬೇಕು. ಇಂಗ್ಲಿಷಿನ ಹೆದರಿಕೆಯಿಂದ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವ ಮಗುವಿಗೆ, ಬೆಳಿಗ್ಗೆ ಹಾಲು ಹಾಕಿ ಬಸ್ಸು ಹಿಡಿದು ತಡವಾಗಿ ಬರುವ ಹುಡುಗನಿಗೆ ಮತ್ತೆ ಮತ್ತೆ ಕೇಳಬಹುದಾದ ಕನ್ನಡದ ಪಾಠವೊಂದು ದೊಡ್ಡ ಆಸರೆ. ಆದರೆ ಅದನ್ನು ಅಧ್ಯಾಪಕರ ನಿದ್ದೆಯಿಂದ ಕಸಿದು ಕೊಡಲಾಗದು.

ಆದ್ದರಿಂದ ವಿಶ್ವವಿದ್ಯಾಲಯಗಳಿಗೂ ಉನ್ನತ ಶಿಕ್ಷಣ ಇಲಾಖೆಗೂ ಕೇಳಬೇಕಾದ್ದು ಸರಳವಾಗಿದೆ. ಬೆರೆಸಿ ಕಲಿಸುವ ಪ್ರತಿ ಪತ್ರಿಕೆಗೆ ವಾರದಲ್ಲಿ ಒಂದೆರಡು ಗಂಟೆಯನ್ನು ಬೋಧನೆಯ ಲೆಕ್ಕಕ್ಕೇ ಸೇರಿಸಿ. ಅತಿಥಿ ಉಪನ್ಯಾಸಕರಿಗೂ ಆ ಗಂಟೆಗೆ ಹಣ ಕೊಡಿ, ಅವರು ಮಾಡಿದ ಪಾಠದ ಮೇಲೆ ಅವರ ಹೆಸರೂ ಹಕ್ಕೂ ಉಳಿಯಲಿ. ಒಂದೇ ವಿಷಯದ ಅಧ್ಯಾಪಕರು ಜಿಲ್ಲಾ ಮಟ್ಟದಲ್ಲಿ ಸೇರಿ ಪಾಠಗಳನ್ನು ಹಂಚಿಕೊಂಡು ಮಾಡಲಿ. ಪ್ರತಿಯೊಬ್ಬರೂ ಎಲ್ಲವನ್ನೂ ಮಾಡಬೇಕಿಲ್ಲ. ಆನ್‌ಲೈನ್ ಪಾಲು ಎಷ್ಟಿರಬೇಕೆಂದು ಆಯಾ ವಿಭಾಗವೇ ತೀರ್ಮಾನಿಸಲಿ. ಖಾಲಿ ಹುದ್ದೆ ಮುಚ್ಚಲು ವಿಡಿಯೊ ಬಳಸುವುದಿಲ್ಲ ಎಂಬ ಲಿಖಿತ ಭರವಸೆಯೂ ಬೇಕು.

ಅಧ್ಯಾಪಕ ಮಿತ್ರರಲ್ಲೂ ಒಂದು ವಿನಂತಿ. ಈ ಬೇಡಿಕೆಗಳಿಗೆ ಗಟ್ಟಿಯಾಗಿ ನಿಲ್ಲಿ, ಅದರ ಜೊತೆಗೇ ಈ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಘಟಕವನ್ನು ಹೀಗೆ ಬೆರೆಸಿ ಕಲಿಸಿ ನೋಡಿ. ವಿಡಿಯೊ ಚೆಂದವಿರಬೇಕಿಲ್ಲ, ಮರುದಿನದ ತರಗತಿ ಅದರಿಂದ ಶುರುವಾಗಬೇಕು, ಅಷ್ಟೇ. ಅದಕ್ಕೆ ಹಿಡಿದ ಹೊತ್ತನ್ನು ಬರೆದಿಡಿ, ವಿಭಾಗದ ಸಭೆಯಲ್ಲಿ ಮುಂದಿಡಿ. ತಯಾರಿಯ ಗಂಟೆಯನ್ನು ಕೆಲಸವೆಂದು ಒಪ್ಪುವವರೆಗೂ ಯಾವ ಸುತ್ತೋಲೆಯಿಂದಲೂ ಮಿಶ್ರ ಕಲಿಕೆ ಬೇರು ಬಿಡುವುದಿಲ್ಲ.